ಮಂಡಕ್ಕಿ ಭಟ್ಟಿಯ ಅಜ್ಜಿಯ ಬದುಕನ್ನು ಪತ್ರಿಕೆಗೆ ಬರೆಯುವುದು ಹೇಗೆ?

ಮೊದಲು 'ಎಲೆಮರೆಯ ಕಾಯಿ' ಎಂಬ ತಲೆಬರಹ ಮರೆತುಬಿಡಿ. ಅದು ತಲೆಯಲ್ಲಿ ಕೂತರೆ ಎದುರಿಗಿರುವವರ ಮಾತು ಕಿವಿಗೆ ಬೀಳುವುದಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನಲವತ್ತು ವರ್ಷ ದುಡಿದ ಅಜ್ಜಿಯೊಬ್ಬರ ಬಗ್ಗೆ ಬರೆಯಬೇಕೆಂದುಕೊಳ್ಳಿ. ಒಲೆ ಉರಿಯುವಾಗ ಮಾತಿಗೆ ಎಳೆಯಬೇಡಿ. ಕಾದ ಮರಳಿನಲ್ಲಿ ಅಕ್ಕಿ ಅರಳುವುದು ಕ್ಷಣದ ಕೆಲಸ. ಕೈ ತಡವಾದರೆ ಸೀಯುತ್ತದೆ, ನಷ್ಟ ಅವರದು. ಮೊದಲ ದಿನ ಸುಮ್ಮನೆ ನೋಡಿ. ಮರಳು ಹದಕ್ಕೆ ಬಂದದ್ದು ಅವರಿಗೆ ಹೇಗೆ ಗೊತ್ತಾಗುತ್ತದೆ, ಜರಡಿ ಹಿಡಿದ ಕೈ ಹೇಗೆ ತಿರುಗುತ್ತದೆ, ಹೊಗೆ ನುಗ್ಗಿದಾಗ ಸೆರಗು ಎಲ್ಲಿಗೆ ಹೋಗುತ್ತದೆ, ಎಲ್ಲ ಬರೆದುಕೊಳ್ಳಿ. ಮಾತುಕತೆ ಎರಡನೇ ದಿನಕ್ಕಿರಲಿ, ಅವರ ಮನೆಯಲ್ಲಿ, ಅವರು ಹೇಳಿದ ಹೊತ್ತಿಗೆ.

ಕೇಳಿಯೇ ರೆಕಾರ್ಡ್ ಮಾಡಿ. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲಿನ ಮೇಲೆ ಅವರಿಂದ ಒಂದು ಮೊಳ ದೂರದಲ್ಲಿಡಿ. ಫ್ಯಾನ್ ಆರಿಸಿ. ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿಸಿಕೊಂಡು ಮುಂದುವರಿಯಿರಿ.

'ನಿಮ್ಮ ಕಷ್ಟ ಹೇಳಿ' ಎಂದರೆ 'ಏನ್ ಕಷ್ಟ ಬಿಡ್ರಿ, ಎಲ್ರಿಗೂ ಇದ್ದದ್ದೇ' ಎಂಬಲ್ಲಿಗೆ ಮುಗಿಯಿತು. ಬದಲಿಗೆ 'ಅಜ್ಜಿ, ಮೊದಲ್ನೇ ದಿನ ಕೂಲಿ ಎಷ್ಟು ಕೊಟ್ರು? ಅದ್ರಾಗೆ ಏನ್ ತಂದ್ರಿ?' ಎಂದು ಕೇಳಿ. ಉತ್ತರ ಮುಗಿದ ಮೇಲೂ ಮನಸ್ಸಿನಲ್ಲಿ ಹತ್ತು ಎಣಿಸಿ. ಅಸಲು ಮಾತು ಬರುವುದು ಆ ಮೌನದ ಆಚೆಗೆ.

ಎಡವುವುದು ಹೆಚ್ಚಾಗಿ ಇಸವಿಗಳಲ್ಲಿ. ಆಧಾರ್‌ನಲ್ಲಿ ಜನವರಿ 1 ಅಥವಾ ಜೂನ್ 1 ಎಂದಿದ್ದರೆ ವಯಸ್ಸು ಅಂದಾಜಿನದಿರಬಹುದು. ಇಸವಿ ಕೇಳುವ ಬದಲು 'ಎಮರ್ಜೆನ್ಸಿಗೆ ಮುಂಚೆನೋ, ಆಮೇಲೋ? ಇಂದಿರಾ ಗಾಂಧಿ ತೀರಿಕೊಂಡಾಗ ಮಗ ಎಷ್ಟು ದೊಡ್ಡವನಿದ್ದ?' ಎಂದು ಕೇಳಿ 1975, 1984ಕ್ಕೆ ಗಂಟು ಹಾಕಿ. ಹಿರಿಯೂರಿನ ಕಡೆಯವರು ಚಿಕ್ಕಂದಿನಲ್ಲಿ, ಎಪ್ಪತ್ತರ ದಶಕದಲ್ಲಿ, ಮಾರಿಕಣಿವೆ ಅಣೆಕಟ್ಟು (ವಾಣಿವಿಲಾಸ ಸಾಗರ) ಕೋಡಿ ಬಿದ್ದದ್ದು ನೋಡಿದ್ದೆ ಎಂದರೆ ಹಾಗೇ ಅಚ್ಚು ಹಾಕಬೇಡಿ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ. ಅವರು ಸುಳ್ಳು ಹೇಳುತ್ತಿಲ್ಲ, ಬೇರೆ ಕೆರೆಯ ನೆನಪಿರಬಹುದು. ಮತ್ತೆ ಕೇಳಿ.

ಹಳೇ ಕಾಗದಗಳಲ್ಲಿ ದಾವಣಗೆರೆ 'ಚಿತ್ರದುರ್ಗ ಜಿಲ್ಲೆ' ಎಂದೇ ಇರುತ್ತದೆ. ಜಿಲ್ಲೆಯಾದದ್ದು 1997ರಲ್ಲಿ, ತಿದ್ದಲು ಹೋಗಬೇಡಿ. ಹರಪನಹಳ್ಳಿಯವರದು ಇನ್ನೂ ತೊಡಕು: ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಹತ್ತಿ ಮಿಲ್ಲಿನ ಹಳೇ ಕಾರ್ಮಿಕರು ಮಿಲ್ ಮುಚ್ಚಿದ ವರ್ಷವನ್ನು ಒಬ್ಬೊಬ್ಬರು ಒಂದೊಂದು ಹೇಳಿದರೆ ಗಾಬರಿ ಬೇಡ. ಒಬ್ಬರಿಗೆ ಮುಷ್ಕರದ ದಿನ, ಇನ್ನೊಬ್ಬರಿಗೆ ಬೀಗ ಬಿದ್ದ ದಿನ, ಮತ್ತೊಬ್ಬರಿಗೆ ಕೊನೇ ಸಂಬಳದ ದಿನ. ಪಿಎಫ್ ಚೀಟಿ, ಇಎಸ್‌ಐ ಕಾರ್ಡ್ ಟ್ರಂಕಿನಲ್ಲಿದೆಯಾ ಕೇಳಿ.

ಬಡ್ಡಿ ಸಾಲ, ಮಗನ ಕುಡಿತ ಇಂಥವನ್ನು ಸಲಿಗೆಯಲ್ಲಿ ಹೇಳಿರುತ್ತಾರೆ. 'ಇದು ಪೇಪರ್‌ನಾಗೆ ಬರ್ಬೋದಾ?' ಎಂದು ಬಿಡಿಸಿ ಕೇಳಿ, ಅನುಮಾನಿಸಿದರೆ ಬಿಡಿ. ಅವರ ಮಾತುಗಳನ್ನು ಅಚ್ಚಿಗೆ ಮುಂಚೆ ಓದಿ ಹೇಳಿ. ಅವರಾಡಿದ ಕನ್ನಡ ಹಾಗೇ ಇರಲಿ, ಗ್ರಾಂಥಿಕಕ್ಕೆ ತಿರುಗಿಸಬೇಡಿ.

ಪತ್ರಿಕೆ ಬಂದ ದಿನ ಎರಡು ಪ್ರತಿ ತಲುಪಿಸಿ. ಒಂದನ್ನು ಪಕ್ಕದ ಮನೆಯವರು ಒಯ್ಯುತ್ತಾರೆ, ವಾಪಸ್ ಬರುವುದಿಲ್ಲ.