ಜತೆಗೆ ದುಡಿಯುವ ರೋಬೋಟಿಗೆ ಮುಖಭಾವ ಜೋಡಿಸುವ ಕ್ರಮ

ಕಾರ್ಮಿಕರ ಪಕ್ಕದಲ್ಲೇ ನಿಂತು ಕೆಲಸ ಮಾಡುವ ರೋಬೋಟಿಗೆ ಮುಖಭಾವ ಜೋಡಿಸಲು ಹೊರಟವರು ಕಣ್ಣಿನಿಂದ ಆರಂಭಿಸಬೇಕು; ನಗು, ಬೇಸರಗಳೆಲ್ಲ ಆಮೇಲಿನ ಮಾತು. ರಾಡ್ನಿ ಬ್ರೂಕ್ಸ್ ಸ್ಥಾಪಿಸಿದ ರೀಥಿಂಕ್ ರೋಬೋಟಿಕ್ಸ್ ಕಂಪನಿಯು 2012ರಲ್ಲಿ ಹೊರತಂದ ಬ್ಯಾಕ್ಸ್‌ಟರ್ ಎಂಬ ಎರಡು ತೋಳಿನ ರೋಬೋಟಿನಲ್ಲಿ, ಪರದೆಯ ಮೇಲಿನ ಕಣ್ಣುಗಳು ತೋಳು ಚಾಚುವ ಮೊದಲೇ ಆ ದಿಕ್ಕಿಗೆ ಹೊರಳುತ್ತಿದ್ದವು. ನೋಡಿದ ಕಡೆಗೇ ಕೈ ಹೋಗುತ್ತದೆಂಬುದು ನಮಗೆಲ್ಲ ಚಿಕ್ಕಂದಿನಿಂದ ರೂಢಿಯಾಗಿರುವುದರಿಂದ, ಪಕ್ಕದಲ್ಲಿರುವವರು ಯಾರೂ ಹೇಳಿಕೊಡದೆಯೇ ತಮ್ಮ ಕೈಯನ್ನು ಹಿಂದೆಗೆದುಕೊಳ್ಳುತ್ತಾರೆ. ಆದಕಾರಣ ನೋಟವನ್ನು ತೋಳಿನ ಚಲನೆಯ ಪ್ರೋಗ್ರಾಮಿಗೇ ಜೋಡಿಸಿ, ಮೋಟಾರು ತಿರುಗುವ ಮುನ್ನವೇ ಕಣ್ಣು ಹೊರಳುವಂತೆ ಮಾಡಿರಿ. ಕಣ್ಣೊಂದು ಕಡೆ, ತೋಳೊಂದು ಕಡೆ ಹೋಗುವ ಯಂತ್ರಕ್ಕಿಂತ ಕಣ್ಣೇ ಇಲ್ಲದ ಯಂತ್ರ ಲೇಸು.

ಮುಂದಿನ ಹಂತದಲ್ಲಿ, ಯಂತ್ರದ ಒಳಗೆ ನಿಜವಾಗಿ ಇರುವ ಸ್ಥಿತಿಗಳಿಗೆ ಮಾತ್ರ ಭಾವವನ್ನು ಕೊಡಿರಿ. ಹೇಳಿಕೊಟ್ಟದ್ದು ತಿಳಿಯದಿದ್ದಾಗ ಹುಬ್ಬು ಗಂಟಿಕ್ಕಲಿ, ಆದೇಶ ದಾಖಲಾದಾಗ ತಲೆ ಆಡಲಿ. ಮುಖವನ್ನು ನಾಲ್ಕು ಗೆರೆಗಳ ಚಿತ್ರದಂತೆ ಸರಳವಾಗಿಡುವುದೇ ಒಳ್ಳೆಯದು. ಮನುಷ್ಯನನ್ನು ಬಹಳ ಹೋಲುತ್ತಲೇ ಸ್ವಲ್ಪದರಲ್ಲಿ ತಪ್ಪುವ ಮುಖ ನೋಡುವವರಲ್ಲಿ ಮುಜುಗರ ಹುಟ್ಟಿಸುತ್ತದೆಂದು ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು.

ಹೆಚ್ಚು ಎಚ್ಚರ ಬೇಕಾದದ್ದು ವಿಷಾದದ ವಿಷಯದಲ್ಲಿ. ಯೂನಿವರ್ಸಿಟಿ ಕಾಲೇಜ್ ಲಂಡನ್ ಮತ್ತು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಮ್ಲೆಟ್ ಮಾಡುವವರಿಗೆ ಮೊಟ್ಟೆ ಎತ್ತಿಕೊಡುತ್ತಿದ್ದ ಬರ್ಟ್ 2 ಎಂಬ ರೋಬೋಟು ಒಂದು ಮೊಟ್ಟೆಯನ್ನು ಬೀಳಿಸಿ, ಮುಖ ಸಪ್ಪಗೆ ಮಾಡಿಕೊಂಡು ಕ್ಷಮೆ ಕೇಳಿ, ಬೇರೆ ರೀತಿಯಲ್ಲಿ ಎತ್ತಿಕೊಡಲು ಮತ್ತೆ ಯತ್ನಿಸಿತು. ಅದೇ ಪ್ರಯೋಗದಲ್ಲಿ ಯಾವ ತಪ್ಪೂ ಮಾಡದೆ ಕೆಲಸ ಮಾಡಿದ ಮೂಕ ರೋಬೋಟಿಗಿಂತ ಸುಮಾರು 50% ಹೆಚ್ಚು ಸಮಯ ಹಿಡಿದರೂ ಬಹುತೇಕರು ಇದನ್ನೇ ಮೆಚ್ಚಿದರು. ಆದರೆ ಕೊನೆಯಲ್ಲಿ ಅದು ತನಗೆ ಅಡುಗೆಮನೆಯ ಕೆಲಸ ಕೊಡುವಿರಾ ಎಂದು ಕೇಳಿದಾಗ, ಇಲ್ಲವೆಂದರೆ ನೊಂದುಕೊಂಡೀತೆಂಬ ಸಂಕೋಚ ಕೆಲವರನ್ನು ಕಾಡಿತು. ಯಂತ್ರವೊಂದು ಮನುಷ್ಯನನ್ನು ಇಂಥ ಇಕ್ಕಟ್ಟಿಗೆ ಸಿಲುಕಿಸುವುದು ನನಗಂತೂ ಸರಿಕಾಣದು. ಆದ್ದರಿಂದ ತಪ್ಪಾದಾಗ ಒಮ್ಮೆ ವಿಷಾದ ತೋರಿ, ಏನು ತಪ್ಪಾಯಿತು, ಹೇಗೆ ಸರಿಪಡಿಸಲಾಗುತ್ತಿದೆ ಎಂದು ತಿಳಿಸಿ ಸುಮ್ಮನಾಗುವಂತೆ ಮಾಡಿರಿ. ತಪ್ಪು ಒಪ್ಪುವ ಭಾವ ಇರಲಿ, ಅಂಗಲಾಚುವ ಭಾವ ಬೇಡ.

ಮುಖಭಾವವು ಸುರಕ್ಷತಾ ಸಾಧನವಲ್ಲ. ತಾಗುವ ಬಲ ಮತ್ತು ವೇಗದ ಮಿತಿಗಳನ್ನು ಮನುಷ್ಯರ ಜತೆ ದುಡಿಯುವ ರೋಬೋಟುಗಳಿಗಾಗಿ ರೂಪಿಸಿದ ಐಎಸ್‌ಒ/ಟಿಎಸ್ 15066ರಂತಹ ಅಂತರರಾಷ್ಟ್ರೀಯ ನಿಯಮಗಳಿಗೆ ಅನುಸಾರವಾಗಿ ಪ್ರತ್ಯೇಕವಾಗಿಯೇ ಹೊಂದಿಸತಕ್ಕದ್ದು. ಕಡೆಗೆ, ಆ ಜಾಗದಲ್ಲಿ ದಿನವೂ ನಿಲ್ಲುವವರನ್ನೇ ಕರೆದು, ಯಂತ್ರವನ್ನು ನಡುವೆ ತಡೆದು, ಮುಂದೆ ಅದು ಏನು ಮಾಡಲಿದೆಯೆಂದು ಕೇಳಿರಿ; ಯಾವ ಭಾವವನ್ನು ಕಂಡು ಅವರ ಊಹೆ ಮತ್ತೆ ಮತ್ತೆ ತಪ್ಪುತ್ತದೆಯೋ ಅದನ್ನು ತೆಗೆದುಹಾಕಿರಿ.