ಕುಡಿತ ಬಿಟ್ಟವನ ಸಿನಿಮಾ ಮಾಡಿದ್ದು

ಕುಡುಕನನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದು ಸುಲಭ. ತೂರಾಡುತ್ತಾನೆ, ಕೂಗಾಡುತ್ತಾನೆ, ಮನೆ ಸಾಮಾನು ಎಸೆಯುತ್ತಾನೆ, ಬೆಳಗ್ಗೆ ಎದ್ದು ಅಳುತ್ತಾನೆ. ಪ್ರತಿ ಸೀನ್‌ನಲ್ಲೂ ಏನಾದರೊಂದು ನಡೆಯುತ್ತದೆ. ಬಿಟ್ಟವನನ್ನು ತೋರಿಸುವುದೇ ತಲೆನೋವು. ಅವನು ಮನೆ ಜಗಲಿ ಮೇಲೆ ಕೂತಿರುತ್ತಾನೆ, ಅಷ್ಟೇ. ಅವನ ಒಳಗೆ ಏನು ನಡೀತಿದೆ ಅಂತ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಗೆಳೆಯರೆಲ್ಲ ಸೇರಿ, ಬಾಡಿಗೆ ಕ್ಯಾಮೆರಾದಲ್ಲಿ ಮಾಡಿದ ನಮ್ಮ ಚಿಕ್ಕ ಸಿನಿಮಾದ ಅರ್ಧಕ್ಕಿಂತ ಜಾಸ್ತಿ ಕಷ್ಟ ಇದೊಂದೇ ಆಗಿತ್ತು.

ಬರೆಯುವ ಮೊದಲು ಹಳೆಯದನ್ನೆಲ್ಲ ನೋಡಿದೆವು. 1945ರ ‘ದಿ ಲಾಸ್ಟ್ ವೀಕೆಂಡ್’ ಈಗಲೂ ಮೈ ನಡುಗಿಸುತ್ತದೆ. ಬಾಟಲಿಯನ್ನು ಚಾವಣಿಯ ದೀಪದ ಬಟ್ಟಲೊಳಗೆ ಬಚ್ಚಿಡುವುದು, ಗೋಡೆಯಿಂದ ಇಲಿ ಇಣುಕಿದಂತೆ ಕಾಣುವುದು, ಎಲ್ಲ ಇದೆ. ಆದರೆ ನಾಯಕ ‘ಇನ್ನು ಸಾಕು’ ಅಂದ ಕೂಡಲೇ ಸಿನಿಮಾ ಮುಗಿಯುತ್ತದೆ. 1962ರ ‘ಡೇಸ್ ಆಫ್ ವೈನ್ ಅಂಡ್ ರೋಸಸ್’ ಇನ್ನೂ ಮುಂದೆ ಹೋಗುತ್ತದೆ. ಅದರಲ್ಲಿ ಗಂಡ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ), ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಸೇರಿ ಕುಡಿತ ಬಿಡುತ್ತಾನೆ, ಹೆಂಡತಿಗೆ ಆಗುವುದಿಲ್ಲ. ನನಗೆ ದಾರಿ ತೋರಿಸಿದ್ದು ಅದೇ. ಬಿಡುವ ನಿರ್ಧಾರ ಕ್ಲೈಮ್ಯಾಕ್ಸ್ ಆಗಬಾರದು, ಇಂಟರ್ವಲ್‌ಗೆ ಮೊದಲೇ ಬಂದುಬಿಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆವು.

ನಮ್ಮ ನಾಯಕ ಮಂಡ್ಯ ಕಡೆಯ ಒಂದು ಸಣ್ಣ ಊರಿನ ಟೈಲರ್. ಬ್ಲೌಸ್, ಸ್ಕೂಲ್ ಯೂನಿಫಾರ್ಮ್ ಹೊಲಿಯುವವನು. ಟೈಲರ್ ಮಾಡಿದ್ದಕ್ಕೆ ಕಾರಣ ಕೈ. ಬೆಳಗ್ಗೆ ನಡುಗುವ ಕೈಯಲ್ಲಿ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಒಂದು ಪೆಗ್ ಒಳಗೆ ಹೋದ ಮೇಲೆ ಆಗುತ್ತದೆ. ಕುಡಿಯದಿದ್ದರೆ ಅವನಿಗೆ ಕೆಲಸವೇ ಮಾಡಲಾಗದು. ಇದನ್ನು ಡೈಲಾಗ್‌ನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನೋಡಿದರೆ ನಂಬುತ್ತಾರೆ.

ನಟನಿಗೆ ಮೊದಲು ಹೇಳಿದ್ದು: ತೂರಾಡಬೇಡ. ದಿನಾ ಕುಡಿಯುವವನು ಅಷ್ಟು ಸುಲಭಕ್ಕೆ ತೂರಾಡುವುದಿಲ್ಲ. ಕುಡಿದಿಲ್ಲ ಅಂತ ತೋರಿಸಿಕೊಳ್ಳಲು ಒದ್ದಾಡುತ್ತಾನೆ. ಹೊಸ್ತಿಲು ದಾಟುವಾಗ ಸ್ವಲ್ಪ ಜಾಸ್ತಿಯೇ ಹುಷಾರಾಗಿ ಕಾಲೆತ್ತುತ್ತಾನೆ. ಬೇಕಿಲ್ಲದಿದ್ದರೂ ‘ಊಟ ಆಯ್ತಾ’ ಅಂತ ಎಲ್ಲರನ್ನೂ ಕೇಳುತ್ತಾನೆ. ನಮ್ಮ ಸಿನಿಮಾಗಳಲ್ಲಿ ಕುಡುಕ ಅಂದರೆ ಒಂದೋ ಕಾಮಿಡಿ, ಇಲ್ಲ ಹೀರೋನ ಗುಂಡು ಸಾಂಗ್. ಆ ಚಾಳಿ ನಟನ ಮೈಯಿಂದ ಬಿಡಿಸಲು ಸಾಕಷ್ಟು ರಿಹರ್ಸಲ್ ಬೇಕಾಯಿತು.

ಬೆಳಗಿನ ಮೊದಲ ಗುಟುಕಿನ ಸೀನ್ ನನಗೆ ಈಗಲೂ ಇಷ್ಟ. ಕೈಯಲ್ಲಿ ಲೋಟ ಎತ್ತಿದರೆ ತುಳುಕುತ್ತದೆ, ಒಂದು ಹನಿ ಚೆಲ್ಲುವುದೂ ಅವನಿಗೆ ಆಗದು. ಹಾಗಾಗಿ ಲೋಟವನ್ನು ಕಟ್ಟೆ ಮೇಲೆ ಇಟ್ಟು, ಬಗ್ಗಿ, ಬಾಯನ್ನೇ ಲೋಟದ ಹತ್ತಿರ ಒಯ್ಯುತ್ತಾನೆ. ಕುಡಿತ ಬಿಟ್ಟ ಹಿರಿಯರೊಬ್ಬರು ನಮಗೆ ಮಾಡಿ ತೋರಿಸಿದ್ದು ಇದು. ಖಾಲಿ ಲೋಟದಲ್ಲೇ ತೋರಿಸಿದರು. ಆದರೂ ತೋರಿಸಿ ಮುಗಿಸಿದ ಮೇಲೆ ಎದ್ದು ಹೋಗಿ ಆ ಲೋಟ ತೊಳೆದಿಟ್ಟು ಬಂದರು.

ಸೆಟ್‌ನಲ್ಲಿ ಒಂದು ಹನಿಯೂ ಮದ್ಯ ಇರಕೂಡದು ಅಂತ ನಿಯಮ ಮಾಡಿದ್ದೆವು. ವಿಸ್ಕಿಗೆ ತೆಳು ಟೀ ಡಿಕಾಕ್ಷನ್. ರಮ್‌ಗೆ ಗ್ಯಾಸ್ ಬಿಟ್ಟ ಕೋಲಾ. ಸ್ಪೂನ್ ಹಾಕಿ ಚೆನ್ನಾಗಿ ತಿರುವದಿದ್ದರೆ ಕ್ಲೋಸಪ್‌ನಲ್ಲಿ ಗುಳ್ಳೆ ಕಾಣುತ್ತದೆ. ಬಾರ್ ಸೀನ್‌ಗೆ ನಿಜವಾದ ಬಾರೇ ಬೇಕಿತ್ತು. ವ್ಯಾಪಾರ ಬಿಟ್ಟು ಯಾರು ಕೊಡುತ್ತಾರೆ? ಅಕ್ಟೋಬರ್ 2ಕ್ಕೆ ಕೇಳಿದೆವು. ಗಾಂಧಿ ಜಯಂತಿ, ಡ್ರೈ ಡೇ, ಹೇಗೂ ಮುಚ್ಚಿರುತ್ತದೆ. ಮಾಲೀಕರು ಒಪ್ಪಿದರು. ಒಳಗೆ ಲೈಟ್ ಹಾಕಿದ್ದೇ ತಡ, ಹೊರಗಿನಿಂದ ಶಟರ್ ಬಡಿಯುವ ಸದ್ದು. ‘ಅಣ್ಣಾ, ಒಂದ್ ನೈಂಟಿ ಕೊಟ್ಬಿಡಣ್ಣಾ.’ ಶೂಟಿಂಗ್ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸೌಂಡ್ ಮಾಡುವ ಹುಡುಗ ಆ ಬಡಿತವನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ಸಿನಿಮಾದಲ್ಲಿ ಕೇಳಿಸುವ ಶಟರ್ ಸದ್ದು ಅದೇ.

ಆಸ್ಪತ್ರೆಯ ಭಾಗಕ್ಕೆ ಒಬ್ಬ ಮನೋವೈದ್ಯರು ಸ್ಕ್ರಿಪ್ಟ್ ಓದಿಕೊಟ್ಟರು. ಟೈಲರ್‌ನ ತಮ್ಮ ಅವನನ್ನು ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕುವ ಸೀನ್ ಒಂದಿತ್ತು. ‘ಇದನ್ನ ನೋಡಿ ಯಾರಾದ್ರೂ ಮನೇಲಿ ಮಾಡಿದ್ರೆ?’ ಅಂದರು. ದಿನಾ ಜಾಸ್ತಿ ಕುಡಿಯುವವನು ದಿಢೀರ್ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲೇ ನಡುಕ, ಬೆವರು ಶುರುವಾಗಬಹುದು. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ ಬರುತ್ತದೆ. ವಾರ್ಡ್‌ನಲ್ಲಿ ಡಿಟಿ ಅನ್ನುವ ಸ್ಥಿತಿ, ಅಂದರೆ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆ ಅಂತ ಗೊತ್ತಾಗದಿರುವುದು, ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದ ನಡುವೆ. ಚಿಕಿತ್ಸೆ ಇಲ್ಲದಿದ್ದರೆ ಜೀವವೇ ಹೋಗಬಹುದು. ಚಿಲಕದ ಸೀನ್ ಅಲ್ಲಿಗೇ ಹೋಯಿತು. ಹೆಂಡತಿ ಸಾರಿಗೆ ಗುಟ್ಟಾಗಿ ‘ಕುಡಿತ ಬಿಡಿಸುವ ಪುಡಿ’ ಹಾಕುವ ಸೀನೂ ಹೋಯಿತು. ಅಂಥ ಪುಡಿಯಲ್ಲಿ ಏನಿರುತ್ತದೋ ಹೇಳಲಾಗದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ತಿಂದವನು ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿಪಿ ಕುಸಿಯಬಹುದು. ಅದನ್ನು ಕುಡಿಯುವವನಿಗೆ ತಿಳಿಸಿ, ಒಪ್ಪಿಸಿ, ಡಾಕ್ಟರೇ ಕೊಡಬೇಕಾದ್ದು.

ತೆಗೆದದ್ದರ ಬದಲಿಗೆ ಅವರೇ ಒಂದು ಸೀನ್ ಕೊಟ್ಟರು. ಡಿಟಿಯಲ್ಲಿ ಇರುವವರು ಕೆಲವು ಸಲ ತಮ್ಮ ಕಸುಬನ್ನೇ ಮಾಡುತ್ತಿರುತ್ತಾರಂತೆ. ಡ್ರೈವರ್ ಮಲಗಿದಲ್ಲೇ ಸ್ಟೀರಿಂಗ್ ತಿರುಗಿಸುತ್ತಾನೆ. ಸರಿ, ನಮ್ಮ ಟೈಲರ್ ಹಾಸಿಗೆಯಲ್ಲಿ ಬಟ್ಟೆ ಹೊಲಿಯುತ್ತಾನೆ. ಕಾಲು ಇಲ್ಲದ ಪೆಡಲ್ ತುಳಿಯುತ್ತದೆ, ಕೈ ಬೆಡ್‌ಶೀಟ್ ಅಂಚನ್ನು ಮೆಲ್ಲಗೆ ಮುಂದೆ ತಳ್ಳುತ್ತದೆ, ಕೊನೆಗೆ ತಲೆ ಬಗ್ಗಿಸಿ ಹಲ್ಲಲ್ಲಿ ದಾರ ಕಡಿಯುತ್ತಾನೆ. ಮ್ಯೂಸಿಕ್ ಹಾಕಲೇ ಇಲ್ಲ. ಇನ್ನೊಂದು ಸಣ್ಣ ವಿಷಯ. ಸಿನಿಮಾ ಆಸ್ಪತ್ರೆ ಅಂದರೆ ಗ್ಲೂಕೋಸ್ ಬಾಟಲಿ ತೂಗುತ್ತಿರಬೇಕು, ಅಲ್ವಾ? ಇಂಥ ರೋಗಿಗೆ ಗ್ಲೂಕೋಸ್‌ಗೆ ಮೊದಲು ಥಯಮಿನ್, ಅಂದರೆ ಬಿ1 ಇಂಜೆಕ್ಷನ್ ಕೊಡುವುದು ರೂಢಿ. ನಮ್ಮ ನರ್ಸ್ ಪಾತ್ರ ಅದನ್ನೇ ಮಾಡುತ್ತದೆ. ನೂರರಲ್ಲಿ ಒಬ್ಬರೂ ಗಮನಿಸಲಿಕ್ಕಿಲ್ಲ. ವಾರ್ಡ್‌ನಲ್ಲಿ ಕೆಲಸ ಮಾಡುವವರು ಗಮನಿಸಿದರು.

ಎಎ ಮೀಟಿಂಗ್‌ಗೂ ಹೋದೆವು, ಹೊರಗಿನವರನ್ನೂ ಬಿಡುವ ಓಪನ್ ಮೀಟಿಂಗ್‌ಗೆ. ಫೋನ್ ಬ್ಯಾಗಿನಲ್ಲೇ ಇತ್ತು. ಅಲ್ಲಿನ ಕೆಲವರನ್ನೇ ನಟಿಸಲು ಕರೆಯೋಣ ಅಂತ ಆಸೆಯಿತ್ತು. ಎಎಯವರು ಪಾಲಿಸುವ, ‘ಸಂಪ್ರದಾಯ’ ಅಂತ ಕರೆಯುವ ಹನ್ನೆರಡು ನಿಯಮಗಳಲ್ಲಿ ಹನ್ನೊಂದನೆಯದು ಅದನ್ನು ತಡೆಯುತ್ತದೆ. ಪತ್ರಿಕೆ, ರೇಡಿಯೋ, ಸಿನಿಮಾಗಳಲ್ಲಿ ಸದಸ್ಯರು ತಮ್ಮ ಗುರುತು ಬಿಟ್ಟುಕೊಡಬಾರದು ಅಂತ ಅದು ಸಿನಿಮಾದ ಹೆಸರೆತ್ತಿಯೇ ಹೇಳುತ್ತದೆ. 1950ರಲ್ಲಿ ಒಪ್ಪಿದ ಮಾತು, ಈಗಲೂ ನಡೆಯುತ್ತಿದೆ. ಹಾಗಾಗಿ ಎಲ್ಲರೂ ನಟರೇ. ನಾವು ತಂದದ್ದು ಅಲ್ಲಿನ ರೀತಿಯನ್ನು ಮಾತ್ರ: ಪ್ಲಾಸ್ಟಿಕ್ ಕುರ್ಚಿ, ಬಿಸ್ಕತ್ತಿನ ತಟ್ಟೆ, ಯಾರೂ ಮಧ್ಯೆ ಬಾಯಿ ಹಾಕದಿರುವುದು, ಒಬ್ಬರು ಅತ್ತಾಗ ಪಕ್ಕದವರು ಸಮಾಧಾನ ಮಾಡಲು ಓಡದಿರುವುದು.

ಇನ್ನು ಆ ಜಗಲಿ. ಬಿಟ್ಟು ಬಂದವನು ಸಂಜೆ ಹೊತ್ತು ಏನು ಮಾಡುತ್ತಾನೆ? ನಾವು ಮಾತಾಡಿಸಿದವರಲ್ಲಿ ತುಂಬಾ ಜನ ಒಂದೇ ಮಾತು ಹೇಳಿದರು: ಸಂಜೆ ಆರರಿಂದ ಒಂಬತ್ತು ಗಂಟೆ ಕಳೆಯುವುದೇ ಕಷ್ಟ. ಅಲ್ಲಿಗೆ ನನಗೆ ದಾರಿ ಸಿಕ್ಕಿತು. ಕ್ಯಾಮೆರಾವನ್ನು ಅವನ ಮೇಲಿನಿಂದ ತೆಗೆದು ಮನೆಯವರ ಕಡೆ ತಿರುಗಿಸಿದೆವು. ಕುಡಿಯುವುದು ನಿಂತಿದೆ, ಮನೆಯವರ ಭಯ ನಿಂತಿಲ್ಲ. ಬಾಗಿಲ ಸದ್ದಾದರೆ ಮಗಳು ಪುಸ್ತಕ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಹೆಂಡತಿ ಇನ್ನೂ ದುಡ್ಡನ್ನು ಅಕ್ಕಿ ಡಬ್ಬದಲ್ಲೇ ಇಡುತ್ತಾಳೆ. ಒಂದು ಟೇಕ್‌ನಲ್ಲಿ ಅವನು ಕಾಫಿ ಮಾಡಿ ತಂದು ಕೊಟ್ಟ. ಹೆಂಡತಿ ಪಾತ್ರದ ನಟಿ ಕುಡಿಯುವ ಮೊದಲು ಕಾಫಿಯನ್ನು ಮೂಸಿದಳು. ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ.

‘ಏನ್ ನೋಡ್ತಿದ್ದೀಯಾ?’

‘ಏನಿಲ್ಲ, ಬಿಸಿ ಇದ್ಯಾ ಅಂತ.’

ಅವನು ಮರುಮಾತಾಡದೆ ಜಗಲಿಗೆ ಹೋಗಿ ಕೂತ. ಈಗ ಅವನು ಸುಮ್ನೆ ಕೂತಿಲ್ಲ ಅಂತ ಎಲ್ಲರಿಗೂ ಗೊತ್ತು.

ಮತ್ತೆ ಕುಡಿಯುವುದನ್ನು ಹೊಸತೊಡಕಿನ ದಿನಕ್ಕೆ ಇಟ್ಟೆವು. ಯುಗಾದಿ ಮಾರನೆ ದಿನ, ಆ ಕಡೆ ಮನೆಮನೆಯಲ್ಲೂ ಬಾಡೂಟ, ಬೆಳಗ್ಗೆಯಿಂದಲೇ ಗುಂಪು. ‘ಒಂದೇ ಒಂದು, ಏನೂ ಆಗಲ್ಲ ಬಾರೋ’ ಅನ್ನುವ ಭಾವಮೈದನನ್ನು ವಿಲನ್ ಮಾಡಲಿಲ್ಲ. ಅವನು ಪ್ರೀತಿಯಿಂದಲೇ ಕರೆಯುತ್ತಾನೆ, ಅಪಾಯ ಇರುವುದೂ ಅಲ್ಲೇ. ಮಾರನೇ ದಿನ ಟೈಲರ್ ತಾನೇ ಬಸ್ ಹತ್ತಿ ಆಸ್ಪತ್ರೆಗೆ ಹೋಗುತ್ತಾನೆ. ನಿರ್ಮಾಪಕ ಗೆಳೆಯನಿಗೆ ಇದು ಇಷ್ಟವಿರಲಿಲ್ಲ. ‘ಬಿಟ್ಟ ಅಂತ ತೋರಿಸಿ ಮತ್ತೆ ಕುಡಿಸಿದರೆ ಜನ ಬೈತಾರೆ’ ಅಂದ. ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಮಾಮೂಲು, ಅದನ್ನು ಬಿಟ್ಟರೆ ಜಾಹೀರಾತಾಗುತ್ತದೆ ಅಂತ ನಾನು ಹಟ ಹಿಡಿದೆ.

ಮುಗಿದ ಮೇಲೆ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ತೋರಿಸಿದೆವು. ಕುಡಿಯುವ ಸೀನ್‌ಗಳಿಗೆ ಮುಂದಿನ ಸಾಲಿನವರು ನಕ್ಕರು. ‘ಅಷ್ಟು ನೀರು ಬೆರೆಸ್ಕೊಂಡು ಯಾರ್ ಕುಡೀತಾರೆ ಸಾರ್’ ಅಂತ ಒಬ್ಬರು ತಿದ್ದಿದರು. ಕಾಫಿ ಸೀನ್ ಬಂದಾಗ ಹಿಂದೆ ಕೂತಿದ್ದ ಹೆಂಗಸರು ಗಂಡಸರಿಗಿಂತ ಜೋರಾಗಿ ನಕ್ಕರು. ಅದು ನಗುವ ಸೀನ್ ಅಂತ ನಾವು ಅಂದುಕೊಂಡೇ ಇರಲಿಲ್ಲ. ಆಮೇಲೆ ಅವರಲ್ಲೊಬ್ಬರು ಬಂದು, ‘ನಾನು ಕಾಫಿ ಅಲ್ಲ, ದಿಂಬು ಮೂಸ್ತಿದ್ದೆ’ ಅಂದರು. ಆ ದಿಂಬು ಮುಂದಿನ ಸ್ಕ್ರಿಪ್ಟ್‌ಗೆ ಸೇರಿದೆ. ಈ ಸಲ ಕಥೆ ಪೂರ್ತಿ ಹೆಂಡತಿಯದು.