ಕಿವಿ ಬಿಡ್ತಾ ಅಜ್ಜ?

ಹನ್ನೊಂದು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ಇದೇ ಇರಬೇಕು. ಪಾರದರ್ಶಕ ಅಕ್ರಿಲಿಕ್ ಕೊಳವೆಯೊಳಗೆ ಮಲಗಿದವರು ಹೌದೆಂದು ತಲೆ ಆಡಿಸಿದರೆ ಒತ್ತಡ ಏರಿಸುತ್ತೇನೆ. ಕಿವಿಯತ್ತ ಬೆರಳು ತೋರಿಸಿದರೆ ನಿಲ್ಲಿಸಿ, ಕೊಂಚ ಇಳಿಸಿ, ನೀರು ಗುಟುಕರಿಸಲು ಹೇಳಿ ಮತ್ತೆ ಏರಿಸುತ್ತೇನೆ. ಬೆಂಗಳೂರಿನ ಒಂದು ಆಸ್ಪತ್ರೆಯ ಹೈಪರ್‌ಬೇರಿಕ್ ಘಟಕದಲ್ಲಿ, ಅಂದರೆ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸಿ ಚಿಕಿತ್ಸೆ ಕೊಡುವ ಕಡೆ, ನಾನು ಸ್ಟಾಫ್ ನರ್ಸ್. ನಾವು ಚೇಂಬರ್ ಅನ್ನುವ ಈ ಕೊಳವೆಯನ್ನು ಬರುವವರು ಕ್ಯಾಪ್ಸೂಲ್ ಅನ್ನುತ್ತಾರೆ, ಆಕ್ಸಿಜನ್ ಪೆಟ್ಟಿಗೆ ಅನ್ನುತ್ತಾರೆ. ಒಬ್ಬ ಅಜ್ಜಿ ಮಾತ್ರ ಮೊದಲ ದಿನ ನೋಡಿದವರೇ "ಇದೇನವ್ವ, ಬದುಕಿದ್ದಾಗಲೇ ಪೆಟ್ಟಿಗೇಲಿ ಮಲಗಿಸ್ತೀರಾ" ಅಂದಿದ್ದರು. ಅವರಿಗೆ ನಗಿಸುವ ಉತ್ತರ ಕೊಡಲು ನನಗೆ ಇವತ್ತಿಗೂ ಆಗಿಲ್ಲ.

ಕೆಲಸಕ್ಕೆ ಸೇರಿದ ವಾರದಲ್ಲೇ ನನಗೆ ಕಲಿಸಿದವರು ಹೇಳಿದ್ದು, ಮೊದಲು ನೀವೇ ಒಳಗೆ ಮಲಗಿ ಬನ್ನಿ ಎಂದು. ಬಾಗಿಲು ಮುಚ್ಚಿತು, ಸುಯ್ ಅನ್ನುವ ಸದ್ದು, ಸೆಕೆ ಏರಿತು. ಅನಿಲವನ್ನು ಒತ್ತಿದರೆ ಬಿಸಿಯಾಗುತ್ತದಲ್ಲ, ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆಲ್ಲ ಗೊತ್ತು. ಕೊನೆಯಲ್ಲಿ ಒತ್ತಡ ಇಳಿಸುವಾಗ ಚಳಿ, ಕೆಲವೊಮ್ಮೆ ಒಳಗೆಲ್ಲ ಮಂಜು. ಆದರೆ ನನ್ನ ಗಮನವೆಲ್ಲ ಕಿವಿಯಲ್ಲೇ ಇತ್ತು. ನಾನು ಸಕಲೇಶಪುರದ ಕಡೆಯವಳು. ಸುಬ್ರಹ್ಮಣ್ಯಕ್ಕೆ ಹೋಗುವಾಗ ಶಿರಾಡಿ ಘಾಟಿ ಇಳಿದಂತೆ ಕಿವಿ ಗವ್ ಅನ್ನುತ್ತಿತ್ತು, ಅಮ್ಮ ಕೊಟ್ಟ ಪೆಪ್ಪರಮಿಂಟು ಚೀಪಿ ಎಂಜಲು ನುಂಗಿದರೆ ಟಪ್ಪೆಂದು ಬಿಡುತ್ತಿತ್ತು. ಆ ಇಡೀ ಘಾಟಿಯಲ್ಲಿ ಗಾಳಿಯ ಒತ್ತಡ ಹೆಚ್ಚುವುದು ಸುಮಾರು ಹತ್ತರಲ್ಲೊಂದು ಪಾಲು. ಚೇಂಬರ್‌ನಲ್ಲಿ ಹದಿನೈದು ನಿಮಿಷದೊಳಗೆ 2.4 ಅಟ್ಮಾಸ್ಫಿಯರ್‌ಗೆ, ಅಂದರೆ ಕಡಲ ಮಟ್ಟದ ಗಾಳಿಯ ಒತ್ತಡದ 2.4 ಪಟ್ಟಿಗೆ ಹೋಗುತ್ತೇವೆ. ಸಮುದ್ರದಲ್ಲಿ 14 ಮೀಟರ್ ಆಳದಲ್ಲಿರುವಷ್ಟು ಒತ್ತಡ ಅದು. ಬೆಂಗಳೂರಿನ ಎತ್ತರದಲ್ಲಿ ನಮ್ಮ ಲೆಕ್ಕ ಶುರುವಾಗುವುದೇ 0.9ರ ಆಸುಪಾಸಿನಿಂದ. ಹಾಗಾಗಿ ಇಲ್ಲಿ ಒಂದೊಂದು ಸಿಟ್ಟಿಂಗೂ ಹತ್ತು ಘಾಟಿಗಿಂತ ಹೆಚ್ಚು.

ಆ ಲೆಕ್ಕ ಬಾಯಿಪಾಠವಾಗಿದ್ದರೂ ಮೊದಲ ವರ್ಷವೇ ತಪ್ಪು ಮಾಡಿದೆ. ಅರವತ್ತು ದಾಟಿದ ಒಬ್ಬರು, ಕಾಲಿನ ಗಾಯಕ್ಕೆ ಬರುತ್ತಿದ್ದರು. ಅವತ್ತು ಅವರಿಗೆ ನೆಗಡಿ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು, ನಾನು ಬೇಗ ಏರಿಸಿದೆ. ಅವರು ಸಂಕೋಚದ ಮನುಷ್ಯ, ನೋವನ್ನು ನುಂಗಿಕೊಂಡೇ ಇದ್ದರು. ಹೊರಗೆ ಬಂದಾಗ ಕಿವಿತಮಟೆಯ ಹಿಂದೆ ರಕ್ತ ನಿಂತಿತ್ತು. ಇಎನ್‌ಟಿ ಡಾಕ್ಟರು ನೋಡಿದರು, ಹತ್ತು ದಿನ ಚಿಕಿತ್ಸೆ ನಿಂತಿತು, ವಾಸಿಯಾಯಿತು. ಈ ಚಿಕಿತ್ಸೆಯಲ್ಲಿ ಹೆಚ್ಚಾಗಿ ಆಗುವ ತೊಂದರೆಯೇ ಇದು. ಅಂದಿನಿಂದ ನೆಗಡಿಯ ಪ್ರಶ್ನೆ ಕೇಳದೆ ಬಾಗಿಲು ಮುಚ್ಚಿಲ್ಲ. ಕಿವಿ ಬಿಡಿಸಲು ಎಷ್ಟು ಹೇಳಿಕೊಟ್ಟರೂ ಬರದವರಿಗೆ ತಮಟೆಯಲ್ಲಿ ಸಣ್ಣ ತೂತು ಮಾಡಿ ಗ್ರೋಮೆಟ್ ಅನ್ನುವ ಪುಟ್ಟ ನಳಿಗೆ ಕೂರಿಸುವುದೂ ಉಂಟು.

"ಮನೇಲಿ ಸಿಲಿಂಡರ್ ಇದೆ ಸಿಸ್ಟರ್, ಮಾಸ್ಕ್ ಹಾಕ್ಕೊಂಡ್ರೆ ಸಾಲ್ದಾ?" ಇದು ತಪ್ಪದೆ ಬರುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ ಕೂಡ. ನಾನು ಬಸ್ಸಿನ ಲೆಕ್ಕ ಹೇಳುತ್ತೇನೆ. ರಕ್ತದ ಹಿಮೋಗ್ಲೋಬಿನ್ ಅನ್ನುವ ಬಸ್ಸಿನಲ್ಲಿ ಸೀಟುಗಳು ಮೊದಲೇ 97-98 ಭಾಗ ತುಂಬಿರುತ್ತವೆ. ಮಾಸ್ಕಿನಿಂದ ಎಷ್ಟು ಕೊಟ್ಟರೂ ಉಳಿದ ಒಂದೆರಡು ಸೀಟು ತುಂಬೀತು, ಅಷ್ಟೆ. ಒತ್ತಡ ಹೆಚ್ಚಿಸಿದರೆ ಮಾತ್ರ ಆಮ್ಲಜನಕ ಬಸ್ಸಿನ ಹಂಗಿಲ್ಲದೆ ರಕ್ತದ ನೀರಿನಂಶದಲ್ಲೇ ಸಾಕಷ್ಟು ಕರಗುತ್ತದೆ, ಸೋಡಾದಲ್ಲಿ ಗ್ಯಾಸು ಕರಗಿದಂತೆ. ಮಾಮೂಲಿ ಗಾಳಿಯಲ್ಲಿ 100 ಮಿಲಿ ರಕ್ತದಲ್ಲಿ ಹೀಗೆ ಕರಗಿರುವುದು 0.3 ಮಿಲಿ. 3 ಅಟ್ಮಾಸ್ಫಿಯರ್‌ನಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಸುಮಾರು 6 ಮಿಲಿ, ಸುಮ್ಮನೆ ಮಲಗಿದ ದೇಹಕ್ಕೆ ಅದೇ ಸಾಕು. 1960ರಲ್ಲಿ ನೆದರ್ಲೆಂಡ್ಸ್‌ನ ಸರ್ಜನ್ ಬೂರೆಮಾ, ರಕ್ತದ ಕೆಂಪು ಕಣಗಳನ್ನು ಬಹುತೇಕ ತೆಗೆದ ಹಂದಿಗಳನ್ನು ಇಂಥ ಒತ್ತಡದಲ್ಲಿ ಬದುಕಿಸಿ ತೋರಿಸಿದ್ದರು. ರೋಗಿಗಳಿಗೆ ನಾನು ಹಂದಿಯ ಕಥೆ ಹೇಳುವುದಿಲ್ಲ, ಬಸ್ಸಿನದು ಸಾಕು.

ಬಟ್ಟೆಯ ವಿಷಯಕ್ಕೇ ನಮ್ಮಲ್ಲಿ ದಿನವೂ ಜಗಳ. ನಮ್ಮದು ಒಬ್ಬರೇ ಮಲಗುವ ಚೇಂಬರ್, ಇಡೀ ಕೊಳವೆಯಲ್ಲೇ ಶುದ್ಧ ಆಮ್ಲಜನಕ. ಆಮ್ಲಜನಕ ತಾನಾಗಿ ಉರಿಯದು, ಆದರೆ ಉರಿಯುವ ಯಾವುದನ್ನೂ ಬಿಡದು. ಹಾಗಾಗಿ ಆಸ್ಪತ್ರೆಯ ಹತ್ತಿ ಬಟ್ಟೆ ಮಾತ್ರ, ಮೈಯ ಸ್ಥಿರವಿದ್ಯುತ್ತು ಕಿಡಿಯಾಗದಂತೆ ಕೈಗೆ ಅರ್ಥಿಂಗ್ ಪಟ್ಟಿ. ನೈಲಾನ್ ಸೀರೆ, ಕಾಡಿಗೆ, ಮುಖದ ಕ್ರೀಮು, ಮಂಡಿಗೆ ಹಚ್ಚಿದ ಮುಲಾಮು, ಮೇಣ ತುಂಬಿದ ತಾಯತ, ಕಿವಿ ಯಂತ್ರ, ಮೊಬೈಲು, ಎಲ್ಲವೂ ಹೊರಗೆ. ಎಲ್ಲಕ್ಕಿಂತ ಕಷ್ಟದ್ದು ತಲೆಯ ಕೊಬ್ಬರಿ ಎಣ್ಣೆ. "ಎಣ್ಣೆ ಹಚ್ಚದ ತಲೇಲಿ ಹೆಂಗಮ್ಮ ಮನೆಯಿಂದ ಹೊರಡೋದು" ಎಂದು ಮುನಿಸಿಕೊಂಡವರಿಗೆ ಇಲ್ಲೇ ಬಾತ್‌ರೂಮಿನಲ್ಲಿ ತಲೆ ತೊಳೆಸಿ ಕಳಿಸಿದ್ದೇನೆ. ತಾಳಿ ಬಿಚ್ಚಲು ಒಪ್ಪದವರ ಸರವನ್ನು ಡಾಕ್ಟರನ್ನು ಕೇಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಟೇಪ್ ಹಾಕುತ್ತೇನೆ. ಜೇಬು ಮಾತ್ರ ಎರಡು ಸಲ ಮುಟ್ಟಿ ನೋಡುತ್ತೇನೆ, ಯಾರು ಏನೇ ಅಂದುಕೊಳ್ಳಲಿ. 1997ರ ಅಕ್ಟೋಬರ್ 31ರಂದು ಇಟಲಿಯ ಮಿಲಾನ್‌ನಲ್ಲಿ ಚೇಂಬರ್‌ಗೆ ಬೆಂಕಿ ಬಿದ್ದು 11 ಜನ ಸತ್ತರು. ಕೈ ಬೆಚ್ಚಗಿಡಲು ತಂದಿದ್ದ ಪುಟ್ಟ ಸಾಧನದಿಂದ ಹತ್ತಿಕೊಂಡ ಬೆಂಕಿ ಅದು.

"ಮಧ್ಯದಲ್ಲಿ ಭಯ ಆದ್ರೆ ಬಾಗಿಲು ತೆಗೀತೀರಾ?" ತೆಗೆಯಲು ಆಗುವುದಿಲ್ಲ ಎಂದೇ ಹೇಳುತ್ತೇನೆ. ಆ ಬಾಗಿಲ ಮೇಲೆ ಒಳಗಿನಿಂದ ಏಳು ಟನ್ನಿಗೂ ಹೆಚ್ಚು ಭಾರ ಒತ್ತಿಕೊಂಡಿರುತ್ತದೆ. ಒತ್ತಡ ಇಳಿಸಲು ತುರ್ತಿನಲ್ಲೂ ಒಂದೆರಡು ನಿಮಿಷ ಬೇಕು. ನಿಜ ಹೇಳಿದರೆ ಹೆದರಿಬಿಡುತ್ತಾರೆ ಅಂದುಕೊಂಡಿದ್ದೆ ಮೊದಮೊದಲು. ಹಾಗಾಗಲಿಲ್ಲ. ಸುಳ್ಳು ಹೇಳಿ ಒಳಗೆ ಕಳಿಸಿದವರೇ ಗಾಬರಿಯಾಗಿದ್ದು.

ನಮ್ಮಲ್ಲಿ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಶುಗರ್ ಗಾಯದವರು. ಮೂಳೆಯವರೆಗೆ ಇಳಿದ, ತಿಂಗಳಾದರೂ ಮಾಯದ ಪಾದದ ಹುಣ್ಣು. ರೇಡಿಯೇಷನ್‌ನಿಂದ ದವಡೆಯ ಮೂಳೆ ಕೆಟ್ಟವರು, ಕಸಿ ಮಾಡಿದ ಚರ್ಮ ಹಿಡಿಯದವರು, ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದವರೂ ಬರುತ್ತಾರೆ. ಕೊನೆಯವರು ಎರಡು ವಾರದೊಳಗೆ ಬಂದರೆ ಒಳ್ಳೆಯದು, ಬರುವುದು ಎರಡು ತಿಂಗಳಿಗೆ. ಶುಗರ್ ಗಾಯಕ್ಕೆ 20ರಿಂದ 40 ಸಿಟ್ಟಿಂಗ್, ದಿನಕ್ಕೊಂದು, ತಲಾ ಒಂದೂವರೆಯಿಂದ ಎರಡು ಗಂಟೆ. ಶುರು ಮಾಡುವ ಮೊದಲು ಗಾಯದ ಪಕ್ಕದ ಚರ್ಮಕ್ಕೆ ಸೆನ್ಸರ್ ಅಂಟಿಸಿ ಅಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುತ್ತೇವೆ. ಬಿಪಿ ಅಳೆಯುವ ಪಾದರಸದ ಲೆಕ್ಕದಲ್ಲಿ 40 ಮಿಲಿಮೀಟರ್‌ಗಿಂತ ಕಡಿಮೆ ಇದ್ದು, ಚೇಂಬರ್ ಒಳಗೆ 200 ದಾಟಿದರೆ ಆಸೆ ಇಟ್ಟುಕೊಳ್ಳಬಹುದು. ಏರದಿದ್ದರೆ ದೊಡ್ಡ ರಕ್ತನಾಳವೇ ಕಟ್ಟಿಕೊಂಡಿರಬಹುದು; ಅವರು ಮೊದಲು ಹೋಗಬೇಕಾದ್ದು ವ್ಯಾಸ್ಕ್ಯುಲರ್ ಸರ್ಜನ್ ಹತ್ತಿರ. ನಲವತ್ತು ಸಿಟ್ಟಿಂಗ್ ಮುಗಿದರೂ ಸಂಜೆ ಗೇಟಿನ ಹೊರಗೆ ಬೀಡಿ ಸೇದುವವರ ಗಾಯ ಮಾಯದು. ಗೇಟಿನ ಹತ್ತಿರವೇ ಹಿಡಿದು ಬೈದಿದ್ದೇನೆ, ಬೈಸಿಕೊಂಡೂ ಇದ್ದೇನೆ.

ಒಳಗೆ ಶುಗರ್ ಇಳಿಯುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ತಗೊಂಡು ಬಂದವರನ್ನು ಇಡ್ಲಿ ತಿನ್ನಿಸದೆ ಮಲಗಿಸುವುದಿಲ್ಲ.

ಚಳಿಗಾಲದಲ್ಲಿ ಬೇರೆ ಥರದ ಕರೆ ಬರುತ್ತದೆ, ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ. ಕಿಟಕಿ ಮುಚ್ಚಿದ ಬಾತ್‌ರೂಮು, ಗ್ಯಾಸ್ ಗೀಸರ್, ಪ್ರಜ್ಞೆ ತಪ್ಪಿ ಬಿದ್ದ ಹುಡುಗಿ. ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸುತ್ತಿರುತ್ತದೆ, ಮನೆಯವರು ನೆಮ್ಮದಿಯಾಗಿರುತ್ತಾರೆ. ಆ ಯಂತ್ರಕ್ಕೆ ಗೀಸರಿನಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನೂ ಆಮ್ಲಜನಕ ಹಿಡಿದದ್ದೂ ಒಂದೇ. ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು ಬರಿ ಗಾಳಿಯಲ್ಲಿ ನಾಲ್ಕೈದು ಗಂಟೆ, ಮಾಸ್ಕಿನ ಶುದ್ಧ ಆಮ್ಲಜನಕದಲ್ಲಿ ಒಂದೂಕಾಲು ಗಂಟೆಯ ಆಸುಪಾಸು, 3 ಅಟ್ಮಾಸ್ಫಿಯರ್‌ನಲ್ಲಿ ಸುಮಾರು 23 ನಿಮಿಷ. ಆದರೂ ಮೊದಲ ಕೆಲಸ ಮಾಸ್ಕೇ, ಅದೂ ಆ್ಯಂಬುಲೆನ್ಸಿನಲ್ಲೇ.

ಸಮುದ್ರದಾಳಕ್ಕೆ ಇಳಿಯುವ ಡೈವರ್‌ಗಳ ಕಾಯಿಲೆಯಿಂದಲೇ ಈ ಚಿಕಿತ್ಸೆ ಬೆಳೆದದ್ದಾದರೂ ಅಂಥವರನ್ನು ನಾನು ಕಂಡಿರುವುದು ಇಬ್ಬರನ್ನೇ. ನನ್ನ ತಮ್ಮನ ಗೆಳೆಯರು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿಬರುತ್ತಾರೆ. ಹಲವು ಸಲ ಮುಳುಗಿದ ಮೇಲೆ 18 ಗಂಟೆಯಾದರೂ ವಿಮಾನ ಬೇಡ ಎಂದರೆ "ನಾವು ಕಾರಲ್ಲಿ ಬರೋದಕ್ಕಾ" ಅನ್ನುತ್ತಾರೆ. ಕಾರಾದರೂ ಘಾಟಿ ಹತ್ತಲೇಬೇಕಲ್ಲ. ಹತ್ತಿದಷ್ಟೂ ಒತ್ತಡ ಇಳಿಯುತ್ತದೆ, ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆಯಾಗಲು ದಾರಿಯಾಗುತ್ತದೆ. ಒಂದು ರಾತ್ರಿ ಕಡಲ ತೀರದಲ್ಲೇ ಮಲಗಿ, ಮೀನು ತಿಂದು ಬನ್ನಿ ಎನ್ನುತ್ತೇನೆ.

ಅತಿಯಾದರೆ ಆಮ್ಲಜನಕವೂ ವಿಷವೇ. ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ಅದನ್ನು ಬರೆದಿಟ್ಟರು. ಅದಕ್ಕೇ ನಡುನಡುವೆ ಐದೈದು ನಿಮಿಷ ಮಾಸ್ಕಿನಲ್ಲಿ ಮಾಮೂಲಿ ಗಾಳಿ ಕೊಡುತ್ತೇವೆ. ಒಮ್ಮೆ ಮಾತ್ರ ಒಳಗಿದ್ದವರಿಗೆ ಫಿಟ್ಸ್ ಬಂದದ್ದು ಕಂಡಿದ್ದೇನೆ. ಕೈ ತಾನಾಗಿ ವಾಲ್ವಿನತ್ತ ಹೋಗುತ್ತದೆ, ತಕ್ಷಣ ಇಳಿಸಿ ಹೊರಗೆಳೆಯಬೇಕು ಅನ್ನಿಸುತ್ತದೆ. ಇಳಿಸಬಾರದು. ಉಸಿರು ಕಟ್ಟಿರುವಾಗ ಒತ್ತಡ ಇಳಿಸಿದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಅದನ್ನೇ ಹರಿದುಹಾಕುತ್ತದೆ. ಸೆಳೆತ ನಿಂತು ಉಸಿರು ಮರಳುವವರೆಗೆ ಕೈಕಟ್ಟಿ ನಿಂತಿದ್ದೆ. ನಿಮಿಷಕ್ಕೂ ಕಡಿಮೆ ಇದ್ದೀತು, ನನಗೆ ಮಾತ್ರ ಮುಗಿಯದ ಹೊತ್ತು ಅದು. ಶ್ವಾಸಕೋಶದಿಂದ ಎದೆಗೂಡಿಗೆ ಗಾಳಿ ಸೋರಿದವರನ್ನು ಅದು ಸರಿಯಾಗುವವರೆಗೆ ಒಳಗೆ ಬಿಡದಿರುವುದಕ್ಕೂ ಇದೇ ಕಾರಣ.

ಕಣ್ಣಿನದು ತಮಾಷೆಯ ಕಥೆ. ಇಪ್ಪತ್ತೈದು ಸಿಟ್ಟಿಂಗ್ ಆದ ಮೇಲೆ ಒಬ್ಬ ಅಜ್ಜ ಕನ್ನಡಕವಿಲ್ಲದೆ ಪೇಪರ್ ಓದುತ್ತ ಕೂತಿದ್ದರು. "ನಿಮ್ಮ ಪೆಟ್ಟಿಗೆ ಕಣ್ಣನ್ನೂ ಸರಿ ಮಾಡ್ತು ಸಿಸ್ಟರ್!" ಬಸ್ಸಿನ ಬೋರ್ಡ್ ಕಾಣುತ್ತಾ ಅಜ್ಜ ಅಂದೆ. ಕಾಣುತ್ತಿರಲಿಲ್ಲ. ದೂರದೃಷ್ಟಿ ಮಬ್ಬಾಗಿತ್ತು, ಚಿಕಿತ್ಸೆ ನಿಂತ ಕೆಲವು ವಾರಗಳಲ್ಲಿ ಮೊದಲಿನಂತಾಯಿತು, ಹತ್ತಿರದ್ದಕ್ಕೆ ಕನ್ನಡಕವೂ ಮರಳಿತು. ಹೊಸ ಕನ್ನಡಕ ಮಾಡಿಸಬೇಡಿ ಎಂದು ಈಗ ಮುಂಚೆಯೇ ಹೇಳುತ್ತೇನೆ.

ಕಷ್ಟವೆಂದರೆ ವಾಪಸು ಕಳಿಸುವುದು. ಆಟಿಸಂ ಇರುವ ಮಗುವನ್ನು ಎತ್ತಿಕೊಂಡು, ಯಾವುದೋ ವಿಡಿಯೊ ನೋಡಿ, ತಾಯಂದಿರು ಬರುತ್ತಾರೆ. ನಮ್ಮ ಡಾಕ್ಟರು ಇದಕ್ಕಲ್ಲಮ್ಮ ಅನ್ನುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಆಟಿಸಂಗೆ ಇದು ಸಾಬೀತಾದ ಚಿಕಿತ್ಸೆಯಲ್ಲ ಎಂದು ಜನರನ್ನು ಎಚ್ಚರಿಸಿದೆ. ಆದರೆ ಲಿಫ್ಟಿನವರೆಗೆ ಜೊತೆಗೆ ಹೋಗುವಾಗ ಅವರ ಮುಖ ನೋಡುವುದು ನಾನು. ಮೊದಲು ಕೆಲಸಕ್ಕಿದ್ದ ಒಂದು ಕಡೆ ಇಂಥವರಿಗೆ ನಲವತ್ತರ ಪ್ಯಾಕೇಜ್ ಮಾರುತ್ತಿದ್ದರು. ಆ ಕೆಲಸ ಬಿಟ್ಟದ್ದಕ್ಕೆ ಅದೊಂದೇ ಕಾರಣ ಎಂದರೆ ಸುಳ್ಳಾದೀತು, ಸಂಬಳವೂ ಕಡಿಮೆಯಿತ್ತು.

ಈಚೆಗೆ ಗಾಳಿ ತುಂಬುವ ಚೀಲದ ಚೇಂಬರ್‌ಗಳು ಬಂದಿವೆ, ಸುಸ್ತಿಗೆ, ಸುಕ್ಕಿಗೆ, ವಯಸ್ಸಿಗೆ. ನಮ್ಮ ಬೀದಿಯ ಆಂಟಿಯೊಬ್ಬರು ಒಂದನ್ನು ಕೊಳ್ಳಲು ಹೊರಟು ನನ್ನ ಅಭಿಪ್ರಾಯ ಕೇಳಿದರು. ಅದರ ಒತ್ತಡ 1.3. ಅವರದೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ: ಗಾಳಿಯಲ್ಲಿ ಆಮ್ಲಜನಕ 21 ಭಾಗ, 1.3ರಿಂದ ಗುಣಿಸಿದರೆ 27. ವಾರ್ಡಿನಲ್ಲಿ ಮೂಗಿಗೆ ಸಣ್ಣ ನಳಿಗೆ ಹಾಕಿ ಎರಡು ಲೀಟರ್ ಆಮ್ಲಜನಕ ಬಿಟ್ಟರೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಗುಣಾಕಾರವನ್ನು ಅವರು ತಾವೇ ಇನ್ನೊಮ್ಮೆ ಮಾಡಿ ನೋಡಿದರು.

"ಸರಿ ಕಣಮ್ಮ, ಆದ್ರೆ ಅಡ್ವಾನ್ಸ್ ಕೊಟ್ಟುಬಿಟ್ಟಿದೀನಿ," ಅಂದರು. ಆಮೇಲೆ ಕೇಳಿದರು, "ಒಳಗೆ ಮೊಬೈಲ್ ತಗೊಂಡು ಹೋಗಬಹುದಾ? ಸೀರಿಯಲ್ ಟೈಮಿಗೇ ಕೂತ್ಕೋಬೇಕು ಅಂತಿದೀನಿ."